ಇಂಗ್ಲಿಷಿನ ಮಾರುದ್ದದ ಪದಗಳನ್ನು ಒಡೆದು ಓದುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಉದ್ದ ಪದ ಕಂಡು ಬೆಚ್ಚುವುದು ಕನ್ನಡ ಓದುಗರಿಗೆ ಹೇಳಿಸಿದ್ದಲ್ಲ. ವಿಜಯನಗರದ ಅಚ್ಯುತದೇವರಾಯನ ಕಾಲದ ತಿರುಮಲಾಂಬೆ ತನ್ನ ‘ವರದಾಂಬಿಕಾ ಪರಿಣಯ ಚಂಪೂ’ ಎಂಬ ಸಂಸ್ಕೃತ ಕಾವ್ಯದಲ್ಲಿ 195 ಅಕ್ಷರಗಳ ಒಂದೇ ಸಮಾಸಪದವನ್ನು ಹೆಣೆದಿದ್ದಾಳೆ. ರೋಮನ್ ಲಿಪಿಯಲ್ಲಿ ಬರೆದರೆ ಅದು 428 ಅಕ್ಷರವಾಗುತ್ತದೆ. ಆಕ್ಸ್‌ಫರ್ಡ್ ನಿಘಂಟು ಒಳಗೆ ಬಿಟ್ಟುಕೊಂಡಿರುವ ಅತಿ ಉದ್ದದ ಇಂಗ್ಲಿಷ್ ಪದಕ್ಕಿರುವುದು 45 ಅಕ್ಷರ ಮಾತ್ರ. ಆದರೂ ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರಿನ ನರ್ಸಿಂಗ್, ಫಾರ್ಮಸಿ, ಜೀವವಿಜ್ಞಾನ ಕಾಲೇಜುಗಳಿಗೆ ಸೇರುವ ಮಕ್ಕಳು ಪಠ್ಯಪುಸ್ತಕದ ಮೊದಲ ಅಧ್ಯಾಯದಲ್ಲೇ ಕೈಚೆಲ್ಲುವುದು ಇಂಥ ಪದಗಳ ಎದುರಿಗೆ. ಆಸ್ಪತ್ರೆಯ ವರದಿಯನ್ನು ಕೈಯಲ್ಲಿ ಹಿಡಿದು ನಿಂತ ಹಿರಿಯರ ಪಾಡೂ ಅದೇ.

ಪ್ರೌಢಶಾಲೆಯ ಕನ್ನಡ ವ್ಯಾಕರಣದಲ್ಲಿ ಕಲಿತು, ಪರೀಕ್ಷೆ ಮುಗಿದ ಮರುದಿನವೇ ಮರೆತ ಸಂಧಿ, ಸಮಾಸಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಇಲ್ಲಿ ಬೇಕಾದ ಹತಾರಗಳು ಬಹುಪಾಲು ಅವೇ. ಒಂದು ಪೆನ್ಸಿಲು, ಒಂದು ನೋಟ್‌ಬುಕ್ಕು ಜೊತೆಗಿದ್ದರೆ ಸಾಕು.

ಮೊದಲ ಹೆಜ್ಜೆ: ಪದದ ಜಾತಿ ಗುರುತಿಸಿ

ಇಂಗ್ಲಿಷಿನ ಉದ್ದ ಪದಗಳೆಲ್ಲ ಒಂದೇ ರೀತಿಯಲ್ಲಿ ಬೆಳೆದವಲ್ಲ. ವೈದ್ಯಕೀಯ, ವಿಜ್ಞಾನದ ಪದಗಳು ಗ್ರೀಕ್ ಮತ್ತು ಲ್ಯಾಟಿನ್ ತುಂಡುಗಳನ್ನು ಸಾಲಾಗಿ ಪೋಣಿಸಿದ ಸಮಾಸಗಳು. ರಾಜಕೀಯ, ಕಾನೂನು, ಆಡಳಿತದ ಪದಗಳಲ್ಲಿ ನಡುವೆ ಒಂದು ಸಾಮಾನ್ಯ ಧಾತು ಇದ್ದು, ಅದರ ಹಿಂದೆ ಮುಂದೆ ಉಪಸರ್ಗ, ಪ್ರತ್ಯಯಗಳು ಅಂಟಿಕೊಂಡಿರುತ್ತವೆ. ರಾಸಾಯನಿಕ ಹೆಸರುಗಳು ಮೂರನೆಯ ಬಗೆ; ಅವು ಪದ ಎನ್ನುವುದಕ್ಕಿಂತ ಅಣುವಿನ ನಕಾಶೆ. ನಾಲ್ಕನೆಯದು ತಮಾಷೆಗೆಂದೇ ಹುಟ್ಟಿದ ಪದಗಳು. ಮೊದಲೆರಡು ಬಗೆಗಳನ್ನು ಒಡೆಯುವ ಕ್ರಮ ಬೇರೆ ಬೇರೆಯಾದ್ದರಿಂದ ಈ ವಿಂಗಡಣೆ ಮೊದಲೇ ಆಗಬೇಕು.

ಎರಡನೆಯ ಹೆಜ್ಜೆ: ಸಮಾಸವಾದರೆ ಬಾಲದಿಂದ ಶುರು ಮಾಡಿ

ತತ್ಪುರುಷ ಸಮಾಸದಲ್ಲಿ ಉತ್ತರಪದಕ್ಕೇ ಪ್ರಾಧಾನ್ಯ ಎಂದು ಮೇಷ್ಟರು ಹೇಳಿಕೊಟ್ಟಿದ್ದರಲ್ಲವೇ? ‘ಅರಮನೆ’ ಎಂದರೆ ಅರಸನಲ್ಲ, ಮನೆ. ಗ್ರೀಕ್ ಮೂಲದ ಇಂಗ್ಲಿಷ್ ಪದಗಳದೂ ಇದೇ ಕಟ್ಟು. ಹಾಗಾಗಿ ಎಡದಿಂದ ಓದುತ್ತ ಹೋಗಿ ನಡುವೆ ಉಸಿರುಗಟ್ಟಿಸಿಕೊಳ್ಳುವ ಬದಲು, ಕೊನೆಯ ತುಂಡನ್ನು ಮೊದಲು ಬೇರ್ಪಡಿಸಿ.

ಹೃದಯದ ಆಸ್ಪತ್ರೆಗೆ ಹೋಗಿಬಂದ ಮನೆಗಳಲ್ಲಿ ಆಂಜಿಯೋಗ್ರಾಂ, ಆಂಜಿಯೋಪ್ಲಾಸ್ಟಿ ಎಂಬ ಮಾತುಗಳು ಅಡುಗೆಮನೆಯವರೆಗೂ ಬಂದಿವೆ. ‘ಆಂಜಿಯೋ’ ಎಂದರೆ ರಕ್ತನಾಳ. ‘ಗ್ರಾಂ’ ಎಂದರೆ ಮೂಡಿದ ಚಿತ್ರ ಅಥವಾ ದಾಖಲೆ. ‘ಪ್ಲಾಸ್ಟಿ’ ಎಂದರೆ ರೂಪ ತಿದ್ದುವುದು. ಮೊದಲನೆಯದು ನಾಳದ ಚಿತ್ರ, ಎರಡನೆಯದು ನಾಳವನ್ನು ಸರಿಪಡಿಸುವ ಕ್ರಿಯೆ. ಬಿಲ್ಲಿನಲ್ಲಿ ಕಾಣುವ ವ್ಯತ್ಯಾಸವೆಲ್ಲ ಆ ಬಾಲದಲ್ಲೇ ಇದೆ.

ಈ ಬಾಲಗಳು ಬೆರಳೆಣಿಕೆಯಷ್ಟೇ. ‘ಐಟಿಸ್’ ಬಂದರೆ ಉರಿಯೂತ, ‘ಓಸಿಸ್’ ಬಂದರೆ ಒಂದು ಸ್ಥಿತಿ, ಹೆಚ್ಚಾಗಿ ರೋಗದ ಸ್ಥಿತಿ. ‘ಆಲ್ಜಿಯಾ’ ನೋವು, ‘ಮೆಗಲಿ’ ಅಂಗ ಹಿಗ್ಗಿರುವುದು, ‘ಈಮಿಯಾ’ ರಕ್ತಕ್ಕೆ ಸಂಬಂಧಿಸಿದ್ದು, ‘ಸ್ಕೋಪಿ’ ಒಳಗೆ ಇಣುಕಿ ನೋಡುವುದು. ಮೂರು ಬಾಲಗಳನ್ನು ಮಾತ್ರ ಎಚ್ಚರದಿಂದ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ: ‘ಟಮಿ’ ಎಂದರೆ ಕೊಯ್ಯುವುದು, ‘ಎಕ್ಟಮಿ’ ಎಂದರೆ ಕೊಯ್ದು ತೆಗೆದುಹಾಕುವುದು, ‘ಸ್ಟಮಿ’ ಎಂದರೆ ಕೊಯ್ದು ಬಾಯಿ ಮಾಡುವುದು. ಪಿತ್ತಕೋಶ ತೆಗೆಯುವ ಶಸ್ತ್ರಚಿಕಿತ್ಸೆಗೆ ಕೋಲೆಸಿಸ್ಟೆಕ್ಟಮಿ ಎನ್ನುತ್ತಾರೆ. ಕೊನೆಯಿಂದ ಬಿಡಿಸಿದರೆ: ತೆಗೆಯುವುದು, ಚೀಲ, ಪಿತ್ತ.

ಹೊಟ್ಟೆನೋವೆಂದು ಹೋದವರಿಗೆ ಕೊಡುವ ವರದಿಯಲ್ಲಿ ಕೆಲವೊಮ್ಮೆ ಕಾಣುವ ಪದ ಇಸಾಫಗೋಗ್ಯಾಸ್ಟ್ರೋಡುವಡಿನಾಸ್ಕಪಿ. ಅಮೆರಿಕನ್ ಕಾಗುಣಿತದಲ್ಲಿ 26 ಅಕ್ಷರ. ಬಾಲ ‘ಸ್ಕೋಪಿ’, ನೋಡುವುದು. ಏನನ್ನು? ಅನ್ನನಾಳ, ಜಠರ, ಸಣ್ಣಕರುಳಿನ ಮೊದಲ ಭಾಗ. ಮೂರು ಅಂಗಗಳು ಸಮಾನ ದರ್ಜೆಯಲ್ಲಿ ಸಾಲಾಗಿ ನಿಂತಿವೆ; ಕನ್ನಡ ವ್ಯಾಕರಣದ ಲೆಕ್ಕದಲ್ಲಿ ಒಳಗೆ ದ್ವಂದ್ವ, ಹೊರಗೆ ತತ್ಪುರುಷ. ಬಾಯಿಂದ ಕೆಳಕ್ಕೆ ಕೊಳವೆ ಇಳಿಯುವ ದಾರಿಯ ಕ್ರಮದಲ್ಲೇ ಅಂಗಗಳ ಹೆಸರೂ ಬಂದಿದೆ.

ಮೂರನೆಯ ಹೆಜ್ಜೆ: ಬೆಸುಗೆಯ ಜಾಗ ಹುಡುಕಿ

ಎರಡು ಗ್ರೀಕ್ ತುಂಡುಗಳ ನಡುವೆ ಸಾಮಾನ್ಯವಾಗಿ ‘ಓ’ ಸ್ವರ ಇರುತ್ತದೆ. ಲ್ಯಾಟಿನ್ ತುಂಡುಗಳ ನಡುವೆ ‘ಐ’ ಅಕ್ಷರ. ಉದ್ದ ಪದದಲ್ಲಿ ಎಲ್ಲೆಲ್ಲಿ ‘ಓ’ ಕಾಣುತ್ತದೋ ಅಲ್ಲಲ್ಲಿ ಪೆನ್ಸಿಲಿನಿಂದ ಒಂದು ಗೀಟು ಹಾಕಿ ನೋಡಿ, ಅರ್ಧ ಕೆಲಸ ಮುಗಿದಂತೆ. ಮುಂದಿನ ತುಂಡು ಸ್ವರದಿಂದಲೇ ಶುರುವಾದರೆ ಈ ‘ಓ’ ಬಿದ್ದುಹೋಗುತ್ತದೆ. ಗ್ಯಾಸ್ಟ್ರೋ ಮತ್ತು ಸ್ಕೋಪಿ ಸೇರಿದರೆ ಗ್ಯಾಸ್ಟ್ರೋಸ್ಕೋಪಿ; ಗ್ಯಾಸ್ಟ್ರೋ ಮತ್ತು ಐಟಿಸ್ ಸೇರಿದರೆ ಗ್ಯಾಸ್ಟ್ರೈಟಿಸ್. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆದಂತೆ, ಇದು ಲೋಪಸಂಧಿಯೇ. ನಿಯಮಕ್ಕೆ ಅಪವಾದ ಇಲ್ಲದಿಲ್ಲ. ಮುಖ್ಯವಾಗಿ, ಅಂಗಗಳ ಹೆಸರುಗಳ ನಡುವೆ ‘ಓ’ ಉಳಿದುಕೊಳ್ಳುತ್ತದೆ. ಗ್ಯಾಸ್ಟ್ರೋ-ಎಂಟೆರಾಲಜಿ ಅದಕ್ಕೆ ನಿದರ್ಶನ.

ತಪ್ಪು ಜಾಗದಲ್ಲಿ ಒಡೆಯುವುದು ಬಹಳ ಸುಲಭ. ಹೆಲಿಕಾಪ್ಟರ್ ಪದವನ್ನು ಎಲ್ಲರೂ ‘ಹೆಲಿ’ ಮತ್ತು ‘ಕಾಪ್ಟರ್’ ಎಂದು ಕತ್ತರಿಸುತ್ತಾರೆ. ಹೆಲಿಪ್ಯಾಡ್ ಎಂಬ ಪದ ಹುಟ್ಟಿದ್ದೂ ಆ ಕತ್ತರಿಯಿಂದಲೇ. ಮೂಲದಲ್ಲಿ ಅದು ‘ಹೆಲಿಕೋ’ ಮತ್ತು ‘ಪ್ಟರ್’: ಸುರುಳಿ ಮತ್ತು ರೆಕ್ಕೆ. ‘ಪೆಡ್’ ಎಂಬ ತುಂಡು ಇನ್ನೂ ಮೋಸಗಾರ. ಪೆಡೆಸ್ಟ್ರಿಯನ್ ಪದದಲ್ಲಿ ಅದು ಲ್ಯಾಟಿನ್, ಅರ್ಥ ಪಾದ. ಪೀಡಿಯಾಟ್ರಿಕ್ಸ್ ಪದದಲ್ಲಿ ಗ್ರೀಕ್, ಅರ್ಥ ಮಗು. ಹಾಗಾದರೆ ಮೂಳೆ ವೈದ್ಯರ ಆರ್ಥೋಪೀಡಿಕ್ಸ್? ಪಾದ ಎಂದು ಊಹಿಸುವವರೇ ಹೆಚ್ಚು. ಅಲ್ಲಿರುವುದು ಮಗು. ಫ್ರಾನ್ಸಿನ ವೈದ್ಯ ನಿಕೊಲಾ ಆಂಡ್ರಿ 1741ರಲ್ಲಿ ಮಕ್ಕಳ ಅಂಗವಕ್ರತೆಯನ್ನು ನೆಟ್ಟಗೆ ಮಾಡುವ ವಿದ್ಯೆಗೆ ಈ ಹೆಸರಿಟ್ಟ: ‘ಆರ್ಥೋ’ ಎಂದರೆ ನೇರ. ಈಗ ಮಂಡಿನೋವಿನ ಅಜ್ಜ ಅಜ್ಜಿಯರೇ ಆ ಹೆಸರಿನ ಬಾಗಿಲ ಮುಂದೆ ಸಾಲುಗಟ್ಟಿ ಕೂತಿರುತ್ತಾರೆ.

ಆದ್ದರಿಂದ ಒಡೆದ ಮೇಲೆ ನಿಘಂಟಿನ ವ್ಯುತ್ಪತ್ತಿ ಭಾಗ ನೋಡುವುದನ್ನು ತಪ್ಪಿಸಬೇಡಿ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ, ಚರ್ಚ್ ಸ್ಟ್ರೀಟಿನಲ್ಲಿ ಹಳೆಯ ದಪ್ಪ ನಿಘಂಟು ಸಿಕ್ಕರೆ ಚೌಕಾಸಿ ಮಾಡಿ ತಂದಿಟ್ಟುಕೊಳ್ಳಿ. ನಾಲ್ಕು ಆವೃತ್ತಿ ಹಳೆಯದಾದರೂ ಗ್ರೀಕ್ ಧಾತುಗಳೇನೂ ಬದಲಾಗಿರುವುದಿಲ್ಲ. ಮೊಬೈಲ್ ನಿಘಂಟು ಉಚ್ಚಾರಣೆ ಕೇಳಿಸಿಕೊಳ್ಳಲು ಒಳ್ಳೆಯದು. ವ್ಯುತ್ಪತ್ತಿಯ ಮಟ್ಟಿಗೆ ದಪ್ಪ ಪುಸ್ತಕದ ಕಡೆಗೇ ನನ್ನ ಒಲವು.

ನಾಲ್ಕನೆಯ ಹೆಜ್ಜೆ: ಸಂಖ್ಯೆ, ನಕಾರಗಳನ್ನು ಹೆಕ್ಕಿಕೊಳ್ಳಿ

ಗ್ರೀಕ್, ಲ್ಯಾಟಿನ್, ಸಂಸ್ಕೃತ ಮೂರೂ ಒಂದೇ ಭಾಷಾ ಕುಟುಂಬದವು. ಕನ್ನಡ ದ್ರಾವಿಡ ಭಾಷೆಯಾದರೂ ಸಂಸ್ಕೃತದ ಪದಗಳು ನಮಗೆ ನೀರು ಕುಡಿದಷ್ಟು ಸಲೀಸು. ಅದು ಇಲ್ಲಿ ಲಾಭಕ್ಕೆ ಬರುತ್ತದೆ. ‘ಡೈ’ ಎಂದರೆ ದ್ವಿ, ‘ಟ್ರೈ’ ಎಂದರೆ ತ್ರಿ, ‘ಪೆಂಟಾ’ ಎಂದರೆ ಪಂಚ, ‘ಹೆಪ್ಟಾ’ ಎಂದರೆ ಸಪ್ತ, ‘ಆಕ್ಟಾ’ ಎಂದರೆ ಅಷ್ಟ, ‘ಡೆಕಾ’ ಎಂದರೆ ದಶ. ಗ್ರೀಕಿನ ನಕಾರವೂ ‘ಅ’ ಅಥವಾ ‘ಅನ್’, ನಮ್ಮ ಅಶಕ್ತ, ಅನಾದಿಗಳಲ್ಲಿ ಇರುವಂತೆಯೇ. ಅನೀಮಿಯಾ ಎಂದರೆ ರಕ್ತವಿಲ್ಲದಿರುವಿಕೆ.

ಲ್ಯಾಟಿನ್ನಿನ ‘ಇನ್’ ಮಾತ್ರ ನಂಬಿಕೆಗೆ ಅರ್ಹವಲ್ಲ. ಪೆಟ್ರೋಲ್ ಟ್ಯಾಂಕರ್‌ಗಳ ಬೆನ್ನಿಗೆ ಬರೆದಿರುವ ಇನ್‌ಫ್ಲೇಮಬಲ್ ಎಂಬುದಕ್ಕೆ ಬೆಂಕಿ ಹತ್ತದ್ದು ಎಂದು ಅರ್ಥ ಮಾಡಿಕೊಂಡು ಪಕ್ಕದಲ್ಲಿ ಬೀಡಿ ಹಚ್ಚಿದರೆ ಮುಂದಿನದನ್ನು ಹೇಳಬೇಕಿಲ್ಲ. ಅಲ್ಲಿನ ‘ಇನ್’ ನಕಾರವಲ್ಲ, ಒಳಗೆ ಎಂಬ ಅರ್ಥದ್ದು.

ರಾಸಾಯನಿಕ ಹೆಸರುಗಳು ಈ ಹೆಜ್ಜೆಯಲ್ಲೇ ಬಗೆಹರಿಯುತ್ತವೆ. ಸೊಳ್ಳೆಗೆ ಹೊಡೆಯುತ್ತಿದ್ದ ಡಿಡಿಟಿಯ ಪೂರ್ಣ ಹೆಸರು ಡೈಕ್ಲೋರೋಡೈಫಿನೈಲ್‌ಟ್ರೈಕ್ಲೋರೋಈಥೇನ್, 31 ಅಕ್ಷರ. ದ್ವಿ ಕ್ಲೋರಿನ್, ದ್ವಿ ಫಿನೈಲ್, ತ್ರಿ ಕ್ಲೋರಿನ್, ಈಥೇನ್. ಬಿಡಿಸಿದರೆ ಬರೀ ಪಟ್ಟಿ. ನಮ್ಮ ಸ್ನಾಯುಗಳಲ್ಲಿರುವ ಟೈಟಿನ್ ಎಂಬ ದೈತ್ಯ ಪ್ರೋಟೀನಿನ ಹೆಸರನ್ನು ಇದೇ ರೀತಿ ಪೂರ್ತಿ ಬರೆದರೆ 1,89,819 ಅಕ್ಷರವಾಗುತ್ತದೆ. ಅಮೈನೋ ಆಮ್ಲಗಳ ಹೆಸರನ್ನು ಒಂದಾದ ಮೇಲೊಂದು ಜೋಡಿಸಿದ ಸರಣಿ ಅದು. ನಿಘಂಟುಕಾರರು ಅದನ್ನು ಪದವೆಂದು ಒಪ್ಪುವುದಿಲ್ಲ. ನನಗೂ ಅದು ಸರಿಯೆನಿಸುತ್ತದೆ.

ಐದನೆಯ ಹೆಜ್ಜೆ: ಉಪಸರ್ಗದ ಪದವಾದರೆ ನಡುವಿನಿಂದ ಹೊರಕ್ಕೆ ಬನ್ನಿ

28 ಅಕ್ಷರಗಳ ಆಂಟಿಡಿಸೆಸ್ಟಾಬ್ಲಿಷ್‌ಮೆಂಟೇರಿಯನಿಸಂ ಪದಕ್ಕೆ ಬಾಲದ ಸೂತ್ರ ಸಾಲದು. ನಡುವಿನ ‘ಎಸ್ಟಾಬ್ಲಿಷ್’ ಹುಡುಕಿ, ಅಲ್ಲಿಂದ ಒಂದೊಂದೇ ಪದರ ಸೇರಿಸಿ. ಎಸ್ಟಾಬ್ಲಿಷ್‌ಮೆಂಟ್ ಎಂದರೆ ಇಲ್ಲಿ ಇಂಗ್ಲೆಂಡಿನ ಚರ್ಚಿಗೆ ಸರ್ಕಾರ ಕೊಟ್ಟಿರುವ ಅಧಿಕೃತ ಸ್ಥಾನ. ‘ಡಿಸ್’ ಸೇರಿದರೆ ಆ ಸ್ಥಾನವನ್ನು ಕಿತ್ತುಹಾಕುವುದು. ‘ಏರಿಯನ್’ ಸೇರಿದರೆ ಕಿತ್ತುಹಾಕಬೇಕು ಎನ್ನುವವನು. ‘ಆಂಟಿ’ ಮತ್ತು ‘ಇಸಂ’ ಸೇರಿದರೆ ಅಂಥವನನ್ನು ವಿರೋಧಿಸುವ ವಾದ. 19ನೆಯ ಶತಮಾನದಲ್ಲಿ ಇದು ಬಿಸಿಬಿಸಿ ರಾಜಕೀಯವಾಗಿತ್ತು. ಐರ್ಲೆಂಡಿನ ಚರ್ಚು ಈ ಅಧಿಕೃತ ಸ್ಥಾನವನ್ನು 1871ರಲ್ಲಿ ಕಳೆದುಕೊಂಡಿತು. ಆ ಜಗಳ ತಣ್ಣಗಾದ ಮೇಲೆ ಪದಕ್ಕೆ ಉಳಿದ ಕೆಲಸವೆಂದರೆ ಉದ್ದ ಪದಗಳ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು.

ಎರಡೂ ಸೂತ್ರ ಒಟ್ಟಿಗೆ ಬೇಕಾಗುವ ಪದವೊಂದಿದೆ: ಸೂಡೋಸೂಡೋಹೈಪೋಪ್ಯಾರಾಥೈರಾಯ್ಡಿಸಂ, 30 ಅಕ್ಷರ. ‘ಸೂಡೋ’ ಎರಡು ಬಾರಿ ಬಂದಿರುವುದು ಮುದ್ರಣದೋಷವಲ್ಲ. ಪ್ಯಾರಾಥೈರಾಯ್ಡ್ ಎಂದರೆ ಥೈರಾಯ್ಡಿನ ಪಕ್ಕದ ಪುಟ್ಟ ಗ್ರಂಥಿಗಳು. ‘ಹೈಪೋ’ ಸೇರಿದರೆ ಅವುಗಳ ಹಾರ್ಮೋನು ಕೊರತೆ. ಹಾರ್ಮೋನು ಇದ್ದೂ ದೇಹ ಅದಕ್ಕೆ ಓಗೊಡದಿದ್ದರೆ ಅದು ಹುಸಿ ಕೊರತೆ, ಮೊದಲ ‘ಸೂಡೋ’. ಆ ರೋಗಿಗಳ ಮೈಕಟ್ಟಿನ ಲಕ್ಷಣಗಳೆಲ್ಲ ಇದ್ದು ರಕ್ತದ ಕ್ಯಾಲ್ಸಿಯಂ ಮಾತ್ರ ಸರಿಯಾಗಿದ್ದರೆ ಅದು ಹುಸಿಯ ಹುಸಿ. ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ ಮತ್ತು ಸಂಗಡಿಗರು ಮೊದಲ ಸೂಡೋವನ್ನು 1942ರಲ್ಲಿ, ಎರಡನೆಯದನ್ನು 1952ರಲ್ಲಿ ಹೆಸರಿಸಿದರು.

ಆರನೆಯ ಹೆಜ್ಜೆ: ಬಾಯಿಗೆ ತಂದುಕೊಳ್ಳಿ

ಒಡೆದ ತುಂಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದು, ಅವನ್ನೂ ಕೊನೆಯಿಂದಲೇ ಜೋಡಿಸುತ್ತ ಜೋರಾಗಿ ಹೇಳಿ. ‘ಗ್ರಾಂ’, ಆಮೇಲೆ ‘ಸೆಫಲೋಗ್ರಾಂ’, ಆಮೇಲೆ ‘ಎನ್‌ಸೆಫಲೋಗ್ರಾಂ’, ಕೊನೆಗೆ ‘ಎಲೆಕ್ಟ್ರೋಎನ್‌ಸೆಫಲೋಗ್ರಾಂ’. ಪ್ರತಿ ಸುತ್ತಿನಲ್ಲೂ ಹೊಸ ತುಂಡಿನಿಂದ ಪರಿಚಿತ ದಾರಿಗೆ ಇಳಿಯುವುದರಿಂದ ನಾಲಿಗೆ ಎಡವುವುದಿಲ್ಲ. ಮುಂದಿನಿಂದ ಕಲಿತವರು ನಡುವೆ ನಿಲ್ಲುತ್ತಾರೆ, ಪರೀಕ್ಷಿಸಿ ನೋಡಬಹುದು.

ನಮಗೆ ನಿಜಕ್ಕೂ ಕಷ್ಟವಾಗುವುದು ಸ್ವರಭಾರ. ಕನ್ನಡದಲ್ಲಿ ಎಲ್ಲ ಅಕ್ಷರಗಳನ್ನೂ ಹೆಚ್ಚುಕಡಿಮೆ ಒಂದೇ ಬಲದಲ್ಲಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಒಂದು ಕಡೆ ಗುದ್ದು ಬಿದ್ದು ಉಳಿದವು ಮಸುಕಾಗುತ್ತವೆ. ಫೋಟೋಗ್ರಾಫ್ ಎಂಬಲ್ಲಿ ಭಾರ ‘ಫೋ’ ಮೇಲೆ. ಫೋಟೋಗ್ರಫಿ ಎಂಬಲ್ಲಿ ‘ಟಾ’ ಮೇಲೆ, ಅಂದರೆ ಕೇಳಿಸುವುದು ‘ಫಟಾಗ್ರಫಿ’. ಫೋಟೋಗ್ರಾಫಿಕ್ ಎಂಬಲ್ಲಿ ‘ಗ್ರಾ’ ಮೇಲೆ. ಭಾರ ಎಲ್ಲಿ ಎಂಬುದನ್ನು ಬಾಲವೇ ಹೇಳುತ್ತದೆ. ‘ಇಕ್’, ‘ಷನ್’ ಬಂದರೆ ಅದಕ್ಕೆ ತಾಗಿದ ಹಿಂದಿನ ಉಚ್ಚಾರಾಂಶಕ್ಕೆ ಭಾರ. ‘ಲಜಿ’, ‘ಗ್ರಫಿ’, ‘ಇಟಿ’, ‘ಎಕ್ಟಮಿ’ ಬಂದರೆ ಕೊನೆಯಿಂದ ಮೂರನೆಯದಕ್ಕೆ. ‘ಐಟಿಸ್’ ಬಂದರೆ ‘ಐ’ ಮೇಲೆಯೇ. ಪಾಲಿಟಿಕ್ಸ್‌ನಂತಹ ಕೆಲವು ಈ ಸಾಲಿಗೆ ಸೇರುವುದಿಲ್ಲ. ಆದರೆ ಉದ್ದದ ಪದಗಳು ಪುಟ್ಟ ಪದಗಳಿಗಿಂತ ಹೆಚ್ಚು ವಿಧೇಯ. ಈ ಎರಡು ಮೂರು ಸೂತ್ರಗಳಲ್ಲೇ ಬಹುಪಾಲು ಸಿಕ್ಕಿಬೀಳುತ್ತವೆ.

ಏಳನೆಯ ಹೆಜ್ಜೆ: ಸ್ಪೆಲಿಂಗ್ ಹಿಡಿಯಲು ಮಹಾಪ್ರಾಣ ನೆನೆಯಿರಿ

ಇದು ಕನ್ನಡ ಬಲ್ಲವರಿಗೆ ಸಲೀಸಾಗಿ ದಕ್ಕುವ ಉಪಾಯ. ಪ್ರಾಚೀನ ಗ್ರೀಕಿನಲ್ಲಿ ಮೂರು ಮಹಾಪ್ರಾಣ ವ್ಯಂಜನಗಳಿದ್ದವು. ರೋಮನ್ನರು ಅವನ್ನು ಪಿ-ಎಚ್, ಟಿ-ಎಚ್, ಸಿ-ಎಚ್ ಎಂದು ಬರೆದರು. ನಮ್ಮ ಫ, ಥ, ಖ ಎಂದುಕೊಳ್ಳಿ. ಇಂಗ್ಲಿಷರ ಬಾಯಲ್ಲಿ ಉಚ್ಚಾರಣೆ ಬದಲಾಗಿದೆ, ಬರವಣಿಗೆ ಹಾಗೇ ಉಳಿದಿದೆ. ಕಣ್ಣಿನ ವಿಭಾಗದ ಫಲಕದಲ್ಲಿರುವ ಆಫ್ಥಾಲ್ಮಾಲಜಿ ಪದದಲ್ಲಿ ಮೊದಲ ಎಚ್ ಬಿಟ್ಟು ಬರೆಯುವವರು ಲೆಕ್ಕವಿಲ್ಲದಷ್ಟು. ಫ್ ಮತ್ತು ಥ್ ಎರಡೂ ಮಹಾಪ್ರಾಣ ಎಂದು ಮನಸ್ಸಿನಲ್ಲಿ ಬರೆದುಕೊಂಡರೆ ಎರಡು ಎಚ್ ತಾವಾಗಿಯೇ ಬಂದು ಕೂರುತ್ತವೆ. ಸೈಕಾಲಜಿಯನ್ನು ‘ಪ್ಸೈಖಾಲಜಿ’ ಎಂದು, ಕೋಲೆಸಿಸ್ಟನ್ನು ‘ಖೋಲೆಸಿಸ್ಟ್’ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ. ಜೋರಾಗಿ ಮಾತ್ರ ಹಾಗೆ ಹೇಳಬೇಡಿ.

ಪದದ ಆರಂಭದಲ್ಲಿ ಪಿ-ಎನ್, ಪಿ-ಎಸ್, ಪಿ-ಟಿ ಬಂದರೆ ಪಿ ಮೌನ. ಅದೇ ತುಂಡು ನಡುವೆ ಬಂದರೆ ಎಚ್ಚೆತ್ತು ಮಾತಾಡುತ್ತದೆ: ಟೆರೊಡ್ಯಾಕ್ಟಿಲ್‌ನಲ್ಲಿ ಸುಮ್ಮನಿದ್ದ ‘ಪ್ಟ’ ಹೆಲಿಕಾಪ್ಟರ್‌ನಲ್ಲಿ ಕೇಳಿಸುತ್ತದೆ. ಹರಿವಿನ ಅರ್ಥವಿರುವ ಪದಗಳಲ್ಲಿ ಎರಡು ಆರ್ ಆದ ಮೇಲೆ ಒಂದು ಎಚ್ ಇರುತ್ತದೆ, ಡಯರಿಯಾದಲ್ಲಿರುವಂತೆ. ಅಮೆರಿಕದಲ್ಲಿ 1925ರಿಂದ ನಡೆಯುತ್ತಿರುವ ರಾಷ್ಟ್ರೀಯ ಸ್ಪೆಲಿಂಗ್ ಸ್ಪರ್ಧೆಯನ್ನು 1999ರಲ್ಲಿ ನೂಪುರ್ ಲಾಲಾ ಎಂಬ ಭಾರತೀಯ ಮೂಲದ ಹುಡುಗಿ ಗೆದ್ದದ್ದು ‘ಲಾಗೊರಿಯಾ’ ಪದದಿಂದ: ಮಾತಿನ ಅತಿಸಾರ. ಆ ಸ್ಪರ್ಧೆಯಲ್ಲಿ ಮಕ್ಕಳು ‘ಈ ಪದ ಯಾವ ಭಾಷೆಯಿಂದ ಬಂದದ್ದು’ ಎಂದು ಕೇಳಬಹುದು. ಮಕ್ಕಳನ್ನು ಇಂಥ ಸ್ಪರ್ಧೆಗೆ ತಯಾರು ಮಾಡುವ ಪೋಷಕರು ಪಟ್ಟಿ ಉರುಹೊಡೆಸುವುದಕ್ಕಿಂತ ಈ ಒಂದು ಪ್ರಶ್ನೆ ಕೇಳುವುದನ್ನು ಕಲಿಸಿದರೆ ಮೇಲು.

ನಮ್ಮಲ್ಲಿ ಬ್ರಿಟಿಷ್ ಕಾಗುಣಿತ ರೂಢಿ. ಅಮೆರಿಕದ ಪುಸ್ತಕಗಳಲ್ಲಿ ಹೀಮಟಾಲಜಿ, ಪೀಡಿಯಾಟ್ರಿಕ್ಸ್ ಮೊದಲಾದ ಪದಗಳಿಂದ ಎ ಅಕ್ಷರ ಬಿಟ್ಟಿರುತ್ತಾರೆ. ಒಂದು ಉತ್ತರಪತ್ರಿಕೆಯಲ್ಲಿ ಒಂದೇ ಪದ್ಧತಿ ಇರಲಿ.

ಎಂಟನೆಯ ಹೆಜ್ಜೆ: ದೊಡ್ಡದನ್ನೇ ಕೆಡವಿ ನೋಡಿ

ಈಗ ಆ 45 ಅಕ್ಷರದ ಪದ: ನ್ಯುಮೋನೋ-ಅಲ್ಟ್ರಾ-ಮೈಕ್ರೋಸ್ಕೋಪಿಕ್-ಸಿಲಿಕೋ-ವಾಲ್ಕೇನೋ-ಕೋನಿಯೋಸಿಸ್. ಕೊನೆಯ ‘ಓಸಿಸ್’ ಸ್ಥಿತಿ. ‘ಕೋನಿ’ ದೂಳು. ‘ವಾಲ್ಕೇನೋ’ ಜ್ವಾಲಾಮುಖಿ. ‘ಸಿಲಿಕೋ’ ಸಿಲಿಕಾ. ‘ಅಲ್ಟ್ರಾಮೈಕ್ರೋಸ್ಕೋಪಿಕ್’ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣ. ‘ನ್ಯುಮೋನೋ’ ಶ್ವಾಸಕೋಶ. ಒಟ್ಟು ಸೇರಿಸಿದರೆ, ಜ್ವಾಲಾಮುಖಿಯ ಅತಿ ಸಣ್ಣ ಸಿಲಿಕಾ ದೂಳು ಹೊಕ್ಕು ಬರುವ ಶ್ವಾಸಕೋಶದ ರೋಗ. ಆದಿಯಲ್ಲಿ ಪಿ ಮೌನ, ಭಾರ ಕೊನೆಯ ‘ಓ’ ಮೇಲೆ.

ಈ ಪದವನ್ನು ಯಾವ ವೈದ್ಯನೂ ಕಟ್ಟಲಿಲ್ಲ. ಅಮೆರಿಕದ ಒಗಟುಪ್ರಿಯರ ರಾಷ್ಟ್ರೀಯ ಸಂಘದ ಅಧ್ಯಕ್ಷನಾಗಿದ್ದ ಎವರೆಟ್ ಸ್ಮಿತ್ 1935ರಲ್ಲಿ ಅತಿ ಉದ್ದದ ಪದ ಬೇಕೆಂದೇ ಇದನ್ನು ಹೊಸೆದ. ವೈದ್ಯರು ಬಳಸುವುದು ಸಿಲಿಕೋಸಿಸ್ ಎಂಬ ಒಂಬತ್ತು ಅಕ್ಷರದ ಪದ. ಆ ಪದ ಆಟದ್ದಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರನ್ನು ಕಾಡಿದ ರೋಗ ಅದು. ಕಲ್ಲುಕ್ವಾರಿಗಳಲ್ಲಿ ದುಡಿಯುವವರನ್ನು ಇಂದಿಗೂ ಬಿಟ್ಟಿಲ್ಲ.

29 ಅಕ್ಷರದ ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್ ಕೂಡ ತಮಾಷೆಯದೇ. ಲ್ಯಾಟಿನ್ನಿನಲ್ಲಿ ‘ಚೂರೂ ಬೆಲೆಯಿಲ್ಲ’ ಎನ್ನಲು ಬಳಸುತ್ತಿದ್ದ ನಾಲ್ಕು ಪದಗಳನ್ನು, ಉಣ್ಣೆಯ ಎಳೆ, ಕ್ಷುಲ್ಲಕ ವಸ್ತು, ಶೂನ್ಯ, ಕೂದಲು ಎಂಬವನ್ನು, ಸಾಲಾಗಿ ಪೋಣಿಸಿ ಬಾಲ ಕಟ್ಟಿದ್ದಾರೆ. ಅರ್ಥ: ಒಂದನ್ನು ಕವಡೆ ಕಿಮ್ಮತ್ತಿನದೆಂದು ತಳ್ಳಿಹಾಕುವುದು. ಇಂಗ್ಲಿಷ್ ಕವಿ ವಿಲಿಯಂ ಶೆನ್‌ಸ್ಟನ್ 1741ರ ಪತ್ರವೊಂದರಲ್ಲಿ ಇದನ್ನು ಬಳಸಿದ್ದಾನೆ. 29 ಅಕ್ಷರಗಳಲ್ಲಿ ಒಂಬತ್ತು ‘ಐ’ ಕಾಣುತ್ತವೆ. ಲ್ಯಾಟಿನ್ ಮೂಲದ ಗುರುತು.

ಬರೆಯುವಾಗ ಏನು ಮಾಡಬೇಕು?

ಮೊಟಕು ಮಾಡಬೇಕು. ಊರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಇಂಟರ್‌ನ್ಯಾಷನಲೈಸೇಷನ್ ಎಂಬ 20 ಅಕ್ಷರದ ಪದವನ್ನು ಯಾರೂ ಪೂರ್ತಿ ಟೈಪ್ ಮಾಡುವುದಿಲ್ಲ. ಮೊದಲ ಅಕ್ಷರ ಐ, ಕೊನೆಯದು ಎನ್, ನಡುವಿನ 18 ಅಕ್ಷರಗಳ ಬದಲು ಅಂಕಿ. ಕುಬರ್ನೆಟಿಸ್ ಎಂಬ ತಂತ್ರಾಂಶದ ಹೆಸರು ಕೆ-8-ಎಸ್ ಆದದ್ದೂ ಹೀಗೆಯೇ. ಔಷಧದ ಅಂಗಡಿಯ ಪ್ಯಾರಾಸಿಟಮಾಲ್ ಕೂಡ ಪ್ಯಾರಾ-ಅಸಿಟೈಲ್‌ಅಮೈನೋಫಿನಾಲ್ ಎಂಬ ರಾಸಾಯನಿಕ ಹೆಸರಿನ ಅಲ್ಲಲ್ಲಿ ಕಚ್ಚಿ ತೆಗೆದ ರೂಪ. ಅರ್ಜಿಯಲ್ಲೋ ಪ್ರಬಂಧದಲ್ಲೋ ಉದ್ದ ಪದ ತುರುಕಿ ದೊಡ್ಡವರಾಗಲು ಹೊರಡಬೇಡಿ. ಓದುವವರು ಮೊದಲ ಸಾಲಿನಲ್ಲೇ ಪತ್ತೆ ಹಚ್ಚುತ್ತಾರೆ.

ಅಭ್ಯಾಸಕ್ಕೆ ಒಂದು ದಾರಿ

ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್, ಅದರ ಆಸುಪಾಸಿನಲ್ಲೇ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಸಂಜಯ ಗಾಂಧಿ ಮೂಳೆ ಆಸ್ಪತ್ರೆ ಇವೆ. ನ್ಯೂರೋ, ಆಂಕಾಲಜಿ, ಪೀಡಿಯಾಟ್ರಿಕ್ಸ್, ಆರ್ಥೋಪೀಡಿಕ್ಸ್: ಗ್ರೀಕ್ ಧಾತುಗಳ ಇಷ್ಟು ಒಳ್ಳೆಯ ಪಾಠಶಾಲೆ ಇನ್ನೆಲ್ಲಿ? ಅಲ್ಲಿಂದ ಮಾರುಕಟ್ಟೆ ಕಡೆಗೆ ಹೋದರೆ ಮಿಂಟೋ ಕಣ್ಣಾಸ್ಪತ್ರೆ, ಎರಡು ಎಚ್‌ಗಳ ಪರೀಕ್ಷಾ ಕೇಂದ್ರ. ಕಂಡ ಪದವನ್ನು ಮನಸ್ಸಿನಲ್ಲೇ ಒಡೆದು, ಮನೆಗೆ ಬಂದು ನಿಘಂಟಿನಲ್ಲಿ ತಾಳೆ ನೋಡಿ. ಕಿವಿ-ಮೂಗು-ಗಂಟಲಿನ ವಿಭಾಗ ಎದುರಾದರೆ ಓಟೋ-ರೈನೋ-ಲ್ಯಾರಿಂಗೋ-ಲಜಿ, ಅದೇ ಕ್ರಮದಲ್ಲಿ ಮೂರೂ ಅಂಗಗಳಿವೆ.

ಮೊದಲ ಪಾಠಕ್ಕೆ ಈ ಪದ ಇಟ್ಟುಕೊಳ್ಳಿ: ಸ್ಟರ್ನೋ-ಕ್ಲೈಡೋ-ಮ್ಯಾಸ್ಟಾಯ್ಡ್. ಎದೆಮೂಳೆ, ಕೊರಳೆಲುಬು, ಕಿವಿಯ ಹಿಂದಿನ ಮೂಳೆಯ ಉಬ್ಬು, ಈ ಮೂರಕ್ಕೂ ಅಂಟಿಕೊಂಡಿರುವ ಸ್ನಾಯು. ಬಸ್ಸಿನ ಕಿಟಕಿಯಿಂದ ಫಲಕ ಓದಲು ತಲೆಯನ್ನು ಪೂರ್ತಿ ಬಲಕ್ಕೆ ಹೊರಳಿಸಿದಾಗ ಕತ್ತಿನ ಎಡಭಾಗದಲ್ಲಿ ಹಗ್ಗದಂತೆ ಕೈಗೆ ಸಿಗುವುದು ಅದೇ.